ಎರಡು ಕಣ ಧೂಳಿಗೆ ಬಿಚ್ಚಿದ ಲೆನ್ಸ್

ರೀ,

ಲೆನ್ಸಿನೊಳಗಿನ ಎರಡು ಕಣ ಧೂಳು ಫೋಟೋದಲ್ಲಿ ಕಾಣೋದಿಲ್ಲ ಅಂತ ಬಡಕೊಂಡೆ. ಆದರೂ ನಾನು ಅಂಗಡಿಗೆ ಹೋಗಿ ಬರೋದರೊಳಗೆ ಅದನ್ನು ಬಿಚ್ಚಿ ಬನಿಯನ್ನಿನಲ್ಲಿ ಒರೆಸಿದ್ದೀರಿ. ನೆಗಡಿ ಬಂತು ಅಂತ ಮೂಗೇ ಕೊಯ್ದ ಹಾಗಾಯಿತು. ಈಗ ಒಳಗಿನ ಗಾಜಿನ ಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತಿದೆ, ಮೇಜಿನ ಮೇಲೆ ಒಂದು ಸ್ಕ್ರೂ ಮಿಕ್ಕಿದೆ. "ಮಿಕ್ಕಿದ್ದು ಬೇಡದ್ದೇ ಇರಬೇಕು ಬಿಡು" ಅಂದಿರಲ್ಲ, ಮಹಾ ಇಂಜಿನಿಯರು!

ಇನ್ನೇನನ್ನೂ ಮುಟ್ಟಬೇಡಿ. ಊದಲೂಬೇಡಿ. ಎಲ್ಲವನ್ನೂ ಡಬ್ಬಿಗೆ ಹಾಕಿ ರಿಪೇರಿಯವರ ಹತ್ತಿರ ತಗೊಂಡು ಹೋಗಿ, ಮಾಡಿದ್ದು ನೀವೇ ಅಂತ ಬಾಯಿಬಿಟ್ಟು ಹೇಳಿ.

ಇವತ್ತಿನ ಮದುವೆಯ ಫೋಟೋ ತೆಗೆಯೋಕೆ ಹಳೇ ಲೆನ್ಸ್ ತಗೊಂಡು ಹೋಗ್ತಿದ್ದೀನಿ. ಅದರೊಳಗೆ ಹತ್ತು ವರ್ಷದ ಧೂಳಿದೆ. ಗೋಡೆ ಮೇಲಿರೋ ನಿಮ್ಮಮ್ಮನ ಫೋಟೋ ತೆಗೆದದ್ದು ಅದರಲ್ಲೇ. ಹತ್ತಿರ ಹೋಗಿ ನೋಡಿ. ಅತ್ತೆಯ ನಗುವಿನಲ್ಲಿ ಎಲ್ಲಾದರೂ ಧೂಳು ಕಂಡರೆ ನನಗೆ ಫೋನ್ ಮಾಡಿ.