ನಮ್ ಡಾಕ್ಟ್ರಮ್ಮ

ಜೂನ್ 17, ಮಂಗಳವಾರ

ಎದೆ ಉರಿ ಅಂತ ನನ್ನ ಪೇಷೆಂಟ್ ಯಡಿಯೂರಿನ ಸೊಣ್ಣಮ್ಮ ಬೆಳಗ್ಗೆ ನಮ್ಮ ಆಸ್ಪತ್ರೆಗೆ ಬಂದಿದ್ದರಂತೆ. ನಾನು ಮೇಲೆ ಇಎನ್‌ಟಿಯಲ್ಲಿ ಯಾರದೋ ಕಿವಿ ಗುಗ್ಗೆ ತೆಗೀತಿದ್ದೆ. ಫ್ಯಾಮಿಲಿ ಮೆಡಿಸಿನ್ ಕಲಿಯೋದು ಅಂದ್ರೆ ಇದೇ ಕರ್ಮ, ಎರಡು ತಿಂಗಳಿಗೊಂದು ವಿಭಾಗ. ಪಾಠ ಮಾತ್ರ ‘ಒಂದು ಮನೆಗೆ ಒಬ್ಬರೇ ಡಾಕ್ಟರ್’ ಅಂತ. ಅದನ್ನು ನಂಬಿ ನಾನೇ ಅವರಿಗೆ, “ಏನಿದ್ರೂ ನನ್ನ ಹತ್ರಾನೇ ಬನ್ನಿ ಅಮ್ಮ” ಅಂದಿದ್ದೆ. ಇಸಿಜಿ ತೆಗೆಯೋಕೆ ಹೋದ ನನ್ನ ಬ್ಯಾಚಿನ ಸಂಗಮೇಶನಿಗೆ, “ಬೇಡಪ್ಪ, ನಮ್ ಡಾಕ್ಟ್ರಮ್ಮ ಇದ್ದಾಗ ಬರ್ತೀನಿ” ಅಂತ ಹೇಳಿ ಎದ್ದು ಹೋದರಂತೆ. ಅವನು ಅದನ್ನು ನಗ್ತಾ ಹೇಳಿದ್ದು ಸಂಜೆ.

ಓಡಿದೆ. ಅವರ ಮನೆಗೆ ಬೀಗ. ಎದುರುಮನೆ ಆಂಟಿ, “ಮಧ್ಯಾಹ್ನ ಅವರನ್ನ ಆಟೋದಲ್ಲಿ ಎತ್ಕೊಂಡು ಹೋದ್ರು, ಯಾವ ಆಸ್ಪತ್ರೆನೋ ಗೊತ್ತಿಲ್ಲಮ್ಮ” ಅಂದ್ರು.

ಅವರ ಫೋನ್ ರಿಂಗ್ ಆಗ್ತಾನೇ ಇದೆ, ಯಾರೂ ಎತ್ತಲ್ಲ. ದೇವರೇ, ಅಲ್ಲೂ ಅವರು ನಾನೇ ಬರಬೇಕು ಅಂತ ಹಠ ಹಿಡಿಯದಿದ್ರೆ ಸಾಕು.