ಒಂಟಿ ಕಾಲಿನ ಬಾತುಕೋಳಿ

ಭಾನುವಾರ, ಮಾರ್ಚ್ ಒಂಬತ್ತು

ನನ್ನ ಗೀಚಮ್ಮನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಅತ್ತಿಗೆಯ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಹಾಕು, ಆದರೆ ಓದಿದ ಮೇಲೆ ಹಾಕು. ಇಪ್ಪತ್ತೊಂದು ವರ್ಷ ನನ್ನನ್ನು ಸಹಿಸಿಕೊಂಡು ಸುಮ್ಮನಿದ್ದವಳಿಗೆ ಇನ್ನು ಹತ್ತು ನಿಮಿಷ ಏನು ಮಹಾ.

ಇಲ್ಲಿ ಎಲ್ಲರೂ ನಡೆದಾಡಿಕೊಂಡಿದ್ದೇವೆ. ನಿನ್ನಣ್ಣ ಮಂಡಿನೋವಿನ ಜೊತೆ ರಾಜಿಯಾಗಿದ್ದಾರೆ. ಈಗ ಎದುರು ಕುರ್ಚಿಯಲ್ಲಿ ಕೂತು, ನಾನು ಯಾರಿಗೆ ಬರೆಯುತ್ತಿದ್ದೇನೆಂದು ಗೊತ್ತೇ ಇಲ್ಲದವರ ಹಾಗೆ ಪೇಪರು ಓದುತ್ತಿದ್ದಾರೆ, ಅರ್ಧ ಗಂಟೆಯಿಂದ ಒಂದೇ ಪುಟವನ್ನು. ತಿಂಗಳಿಗೊಮ್ಮೆ ನೀನು ಅವರಿಗೆ ಫೋನ್ ಮಾಡಿ, ಎಲ್ಲರೂ ಚೆನ್ನಾಗಿದ್ದೀರಾ ಎಂದು ಕೇಳುವುದು ನನಗೂ ಕೇಳಿಸುತ್ತದೆ. ಆ ಎಲ್ಲರಲ್ಲಿ ನಾನೂ ಒಬ್ಬಳು ಎಂದುಕೊಂಡು ಪಾತ್ರೆ ತೊಳೆಯುತ್ತಿರುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಬಾತುಕೋಳಿ ಕೈತಪ್ಪಿ ಹೋಗುವ ಹಾಗಿದೆ.

ಹೋದ ತಿಂಗಳು ನಮ್ಮ ಸೋಪು ಮಾರುವ ಮೂಲೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ನಗುತ್ತಾ, ಏನಮ್ಮ, ಸೋಪಿನ ಹೊದಿಕೆಗೆ ನೀಲಿ ಬಣ್ಣ ಮಾಡಿಸಿದ್ದೀರಲ್ಲ, ಚೆನ್ನಾಗಿದೆ ಎಂದ. ನಾನು ಯಾವ ನೀಲಿಯನ್ನೂ ಮಾಡಿಸಿರಲಿಲ್ಲ. ಕೈಗೆ ತೆಗೆದುಕೊಂಡು ನೋಡಿದರೆ ಬೇರೆ ಯಾವುದೋ ಕಂಪನಿಯ ಬಟ್ಟೆ ಸೋಪು. ಹೆಸರು ನಮ್ಮದೇ, ಬಾತುಕೋಳಿ. ಚಿತ್ರದಲ್ಲಿ ನಿನ್ನದೇ ಬಾತುಕೋಳಿ, ಕತ್ತು ತಿರುಗಿಸಿ ಹಿಂದೆ ನೋಡುತ್ತಿರುವುದು, ಬಾಲದ ಮೇಲೆ ಮೂರು ಗೆರೆ. ಕಾಲು ಒಂದೇ. ಬಾತುಕೋಳಿಯನ್ನು ಯಾರು ಬೇಕಾದರೂ ಬರೆಯಬಹುದು, ಗೀಚಮ್ಮ, ಆದರೆ ಕುಂಟ ಬಾತನ್ನು ಬೇರೆ ಯಾರು ಬರೆಯುತ್ತಾರೆ?

ಮರುದಿನವೇ ಒಬ್ಬ ಲಾಯರಮ್ಮನ ಹತ್ತಿರ ಓಡಿದೆ. ವಯಸ್ಸು ಚಿಕ್ಕದು, ಮಾತು ಖಡಕ್ಕು. ನಾನು ಜಂಬದಿಂದಲೇ ಒಳಗೆ ಹೋದೆ. ನಮ್ಮ ಹೊದಿಕೆಯನ್ನು ಮೇಜಿನ ಮೇಲೆ ಹರಡಿ, ನಮ್ಮದು ನೋಂದಣಿಯಾದದ್ದು, ಇಲ್ಲಿ ನೋಡಿ ಎಂದು ಹೆಸರಿನ ಪಕ್ಕ ದುಂಡು ಚಕ್ರದೊಳಗಿನ ಆರ್ ಅಕ್ಷರ ತೋರಿಸಿದೆ. ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಕಂಪ್ಯೂಟರಿನಲ್ಲಿ ಟ್ರೇಡ್‌ಮಾರ್ಕ್ ಇಲಾಖೆಯ ಪಟ್ಟಿ ಹುಡುಕಿದರು, ನನ್ನ ಹೆಸರಿನಿಂದ, ಸೋಪಿನ ಹೆಸರಿನಿಂದ, ಊರಿನಿಂದ. ನಮ್ಮದೊಂದು ಅರ್ಜಿ ಅಲ್ಲಿಗೆ ಬಂದೇ ಇರಲಿಲ್ಲ.

ಆ ಆರ್ ಹೇಗೆ ಬಂತು ಎಂದು ನೆನಪಿದೆಯಾ? ಪ್ರೆಸ್ಸಿನವರು ದೊಡ್ಡ ಕಂಪನಿಗಳ ಹೊದಿಕೆ ತೋರಿಸಿ, ಒಳ್ಳೆಯ ಸಾಮಾನಿನ ಮೇಲೆಲ್ಲ ಇದು ಇರುತ್ತೆ, ಹಾಕಲಾ ಎಂದು ಕೇಳಿದ್ದರು. ಅಂದವಾಗಿ ಕಾಣುವುದಾದರೆ ಎರಡು ಹಾಕಿ ಎಂದಿದ್ದೆ ನೀನು. ಅದನ್ನು ಹೇಳಿದಾಗ ಲಾಯರಮ್ಮ ತಲೆ ಹಿಡಿದುಕೊಂಡರು. ನೋಂದಣಿಯಾಗದೆ ಆ ಗುರುತು ಹಾಕುವುದು ಅಪರಾಧವಂತೆ. ಇಷ್ಟು ವರ್ಷ ನಾವಿಬ್ಬರೂ ಅಂದಕ್ಕಾಗಿ ಅಪರಾಧ ಮಾಡಿದ್ದೇವೆ. ಇವತ್ತಿನಿಂದಲೇ ಅದನ್ನು ತೆಗೆದು ಟಿಎಂ ಎಂದು ಹಾಕಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದರು.

ಆ ಕಂಪನಿಯವರು ಬಾತುಕೋಳಿ ತಮ್ಮದೆಂದು ಅರ್ಜಿ ಹಾಕಿದ್ದಾರೆ. ಒಂಬತ್ತು ವರ್ಷದಿಂದ ಬಳಸುತ್ತಿದ್ದೇವೆ ಎಂದು ಬರೆದಿದ್ದಾರೆ. ಅದು ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರಾದರೂ ಆಕ್ಷೇಪಿಸದಿದ್ದರೆ ಹತ್ತು ವರ್ಷಕ್ಕೆ ಅವರದು, ಆಮೇಲೆ ನವೀಕರಿಸುತ್ತಾ ಹೋದರೆ ಎಂದೆಂದಿಗೂ ಅವರದು. ಎರಡು ತಿಂಗಳು ಆಗಲೇ ಕಳೆದಿದೆ.

ಕೈಚೆಲ್ಲಬೇಕಾಗಿಲ್ಲ ಎನ್ನುತ್ತಾರೆ ಲಾಯರಮ್ಮ. ಮೊದಲು ಅರ್ಜಿ ಹಾಕಿದವರಿಗಿಂತ ಮೊದಲಿನಿಂದ ಬಳಸಿಕೊಂಡು ಬಂದವರ ಹಕ್ಕು ದೊಡ್ಡದಂತೆ. ಆದರೆ ಬಾಯಿಮಾತು ನಡೆಯುವುದಿಲ್ಲ, ತಾರೀಖು ಇರುವ ಕಾಗದ ಬೇಕು. ಹಳೆಯ ರಸೀದಿ, ಜಾಹೀರಾತು, ಹೊದಿಕೆ, ಏನಾದರೂ. ನಮ್ಮ ಹಳೆಯ ಕಾಗದಗಳನ್ನೆಲ್ಲ ನಾನು ಸೋಪಿಗೆ ಹಾಕುವ ಕಾಸ್ಟಿಕ್ ಸೋಡಾ ಡಬ್ಬದ ಪಕ್ಕ ಇಟ್ಟಿದ್ದೆ. ಅದು ಸೋರಿ ಒಂದೂ ಉಳಿಯಲಿಲ್ಲ.

ಒಂದು ಮಾತು ಕೇಳಿದರೆ ನಿನಗೆ ಖುಷಿಯಾಗುತ್ತದೆ. ಬಿಳುಪು, ಹೊಳಪು ಎಂದೆಲ್ಲ ಸರಕನ್ನೇ ಹೊಗಳುವ ಹೆಸರುಗಳಿಗೆ ರಕ್ಷಣೆ ಸಿಗುವುದು ಕಷ್ಟ, ಸೋಪಿಗೂ ಬಾತುಕೋಳಿಗೂ ಸಂಬಂಧವೇ ಇಲ್ಲದ್ದರಿಂದ ಇದು ಗಟ್ಟಿ ಗುರುತು, ಯಾರ ತಲೆಗೆ ಹೊಳೆಯಿತು ಎಂದು ಕೇಳಿದರು. ನನ್ನ ನಾದಿನಿಗೆ ಎಂದೆ. ಹಾಗೆಂದು ಹೊರಗಿನವರ ಎದುರು ಹೇಳಿದ್ದು ಅದೇ ಮೊದಲು.

ಮರಳಿ ಬರುವ ದಾರಿಯಲ್ಲಿ ನಾವಿಬ್ಬರೂ ಸೋಪು ಮಾಡುತ್ತಿದ್ದ ಆ ಹಿಂದಿನ ಕೋಣೆಯೇ ಕಣ್ಣ ಮುಂದೆ. ಕಿಟಕಿ ಒಂದು, ಅದಕ್ಕೂ ಅಡ್ಡವಾಗಿ ಸೋಪು ಒಣಗಿಸುವ ಹಲಗೆ. ಎಣ್ಣೆ ಗಟ್ಟಿಯಾಗುವವರೆಗೆ ಸರದಿಯಲ್ಲಿ ತಿರುವುತ್ತಾ ನೀನು ಹಾಡುತ್ತಿದ್ದೆ, ನಾನು ನಿನ್ನ ರಾಗಕ್ಕೆ ಬೈಯುತ್ತಿದ್ದೆ. ನೀನು ಕ್ಯಾಲೆಂಡರಿನ ಹಿಂದೆ ಬಾತುಕೋಳಿ ಬರೆದು, ಅತ್ತಿಗೆ, ದಿನವಿಡೀ ನೀರಲ್ಲಿದ್ದೂ ಒಂದು ಸುಕ್ಕಿಲ್ಲದ ಪ್ರಾಣಿ ಇದೊಂದೇ ಎಂದದ್ದು, ನಾನು ನಕ್ಕು ನಕ್ಕು ತಿರುವುಗೋಲನ್ನೇ ಬೀಳಿಸಿದ್ದು. ಸೋಪಿನ ಗಟ್ಟಿಯನ್ನು ಕೊಯ್ಯಲು ತಂತಿಯ ಒಂದು ತುದಿ ನಿನ್ನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನೀನು ಮದುವೆಯಾಗಿ ಹೋದ ಮೇಲೆ ನಿನ್ನ ಕಡೆಯ ತುದಿಯನ್ನು ಒಂದು ಮೊಳೆಗೆ ಕಟ್ಟಿದೆ. ಈಗ ಯಂತ್ರ ಬಂದಿದೆ, ಆರು ಜನ ಹೆಂಗಸರು ಕೆಲಸಕ್ಕಿದ್ದಾರೆ. ಆದರೂ ಆ ಮೊಳೆಯನ್ನು ಕಿತ್ತಿಲ್ಲ.

ಇನ್ನು ನಮ್ಮ ಹಳೆಯ ಅರ್ಜಿಯ ವಿಷಯ. ಎಷ್ಟು ಸುತ್ತಿ ಬಳಸಿದರೂ ಅಲ್ಲಿಗೆ ಬರಲೇಬೇಕಲ್ಲ.

ಅಂದು ಇಲಾಖೆಯ ಕಚೇರಿಯ ಮೆಟ್ಟಿಲ ಕೆಳಗೆ ಕೂತಿದ್ದ ಟೈಪಿಸ್ಟ್ ನಮ್ಮ ಅರ್ಜಿ ತುಂಬುತ್ತಾ, ಮಾಲೀಕರು ಯಾರು ಎಂದು ಕೇಳಿದರು. ನಾನು ಎಂದೆ. ನೀನು ಪಕ್ಕದಲ್ಲೇ ನನ್ನ ಚೀಲ ಹಿಡಿದು ಕೂತಿದ್ದೆ. ಅರ್ಜಿಗೆ ಅಂಟಿಸಿದ್ದ ಬಾತುಕೋಳಿಯ ಒಂದು ಮೂಲೆ ಎದ್ದಿತ್ತು, ಅದನ್ನು ನೀನು ಬೆರಳಿನಿಂದ ಒತ್ತುತ್ತಾ ಕೂತೆ. ಎದುರಿಗಿದ್ದ ನೋಟರಿ ಮೊಹರು ಒತ್ತಿದರು. ಕೌಂಟರಿನಲ್ಲಿ ಸಾಲು ಉದ್ದವಿತ್ತು, ಒಲೆಯ ಮೇಲೆ ಎಣ್ಣೆ ಇದೆ ಎಂದು ನಾನು ಹೊರಟುಬಂದೆ. ಸಂಜೆ ನೀನು ಬಂದು, ಆಯ್ತು ಅತ್ತಿಗೆ ಎಂದೆ. ರಸೀದಿ ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೆಸರಿನ ಮಾತು ಬರುತ್ತಿತ್ತು.

ನಿನ್ನ ಮದುವೆ ಗೊತ್ತಾಗಿತ್ತು, ನಾಳೆ ಯಾವುದೋ ಮನೆಯವರು ಬಂದು ಅರ್ಧ ಕೇಳಿಯಾರು, ಅದಕ್ಕೇ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನ್ನದು ಎನ್ನುವುದು ಏನಿದೆ ಎಂದು ಅದುವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ ಕೂಡಲೇ ಎಲ್ಲವನ್ನೂ ಬಾಚಿಕೊಂಡೆ. ನಿನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತಪ್ಪಾಯಿತು.

ಅರ್ಜಿಯನ್ನು ನೀನು ಕೊಡಲೇ ಇಲ್ಲ ಎಂದು ತಿಳಿದಾಗ ಎರಡು ದಿನ ನಿನ್ನ ಮೇಲೆ ಕುದಿದೆ. ಮೂರನೆಯ ದಿನ ಕೋಪ ಇಳಿದು, ಆ ಕಾಗದ ಹಿಡಿದು ನೀನು ಸಂಜೆಯವರೆಗೆ ಎಲ್ಲಿ ಕೂತಿದ್ದೆಯೋ ಎಂಬ ಸಂಕಟ ಉಳಿಯಿತು.

ನೀನು ಅದನ್ನು ಹರಿಯದೆ ಇಟ್ಟಿದ್ದರೆ ಕಳಿಸು. ನೋಟರಿಯ ಮೊಹರು, ತಾರೀಖು, ಕುಂಟ ಬಾತಿನ ಚಿತ್ರ ಮೂರೂ ಒಂದೇ ಕಾಗದದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡವಂತೆ. ಇದರ ಜೊತೆ ಹೊಸ ಅರ್ಜಿಗಳನ್ನು ಇಟ್ಟಿದ್ದೇನೆ. ಹೆಸರಿಗೊಂದು, ಚಿತ್ರಕ್ಕೊಂದು, ಎರಡೂ ಬೇರೆ ಬೇರೆಯಾಗಿ ಹಾಕಿದರೆ ಕಾವಲು ಗಟ್ಟಿ ಎಂದರು. ಮಾಲೀಕರ ಜಾಗದಲ್ಲಿ ಇಬ್ಬರ ಹೆಸರಿದೆ. ಪೆನ್ಸಿಲ್ ಗುರುತು ಇರುವಲ್ಲಿ ನಿನ್ನ ಸಹಿ. ನೀನು ಹಳೆಯ ಕಾಗದ ಕೊಡದಿದ್ದರೂ, ನಾವು ಸೋತರೂ, ಆ ಹೆಸರು ಅಲ್ಲಿರಲಿ. ಮುಂದಿನದು ನಿನ್ನ ಇಷ್ಟ.

ನಿನ್ನ ರಾಗಕ್ಕೆ ಇನ್ನೂ ಬೈಯಬೇಕೆಂದಿರುವ,
ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಎರಡು ಕಂಪನಿ ಬಾತುಕೋಳಿ ಬರೆಯಬಹುದು, ಇಬ್ಬರೂ ಅದೇ ಕಾಲು ಮರೆಯುವುದು ಹೇಗೆ, ಅವರು ನಕಲು ಮಾಡಿದ್ದಾರೆ ಎನ್ನಲು ಆ ಕಾಲೇ ಆಧಾರ ಎಂದರು ಲಾಯರಮ್ಮ. ನಿಮ್ಮದಕ್ಕೇಕೆ ಒಂದೇ ಕಾಲು ಎಂದೂ ಕೇಳಿದರು. ಹೊದಿಕೆಯ ಚಿತ್ರಕ್ಕೆ ಮರದ ಅಚ್ಚು ಕೆತ್ತಿದ ಬಡಗಿ ಮರೆತ ಎಂದೆ, ನಿನಗೆ ಹೇಳಿದ ಹಾಗೇ. ಅದನ್ನೇ ಪ್ರಮಾಣ ಮಾಡಿ ಬರೆದುಕೊಡಬೇಕಂತೆ. ಗೀಚಮ್ಮ, ಬಡಗಿ ಎರಡೂ ಕಾಲು ಕೆತ್ತಿದ್ದ. ನೀನು ಹೊದಿಕೆ ಕಾಗದ ತರಲು ಹೋಗಿದ್ದಾಗ ಅಚ್ಚು ನನ್ನ ಕೈಜಾರಿ ಬಿದ್ದು ಒಂದು ಕಾಲು ಮುರಿಯಿತು. ನೀನು ಅಷ್ಟು ಆಸೆಪಟ್ಟು ಬರೆದದ್ದು, ಹೇಳಲು ಬಾಯಿ ಬರಲಿಲ್ಲ. ಪಾಪದ ಬಡಗಿಗೆ ಆಮೇಲೆ ಒಂದು ಕೆಲಸವನ್ನೂ ಕೊಡಲಿಲ್ಲ. ಅಚ್ಚು ಈಗಲೂ ನನ್ನ ಕಪಾಟಿನಲ್ಲಿದೆ. ಪ್ರಮಾಣ ಮಾಡುವ ಮೊದಲು ನಿನಗೆ ಹೇಳಬೇಕೆನಿಸಿತು.

* * *

ಸೋಮವಾರ, ಮಾರ್ಚ್ ಹದಿನೇಳು

ಅತ್ತಿಗೆಗೆ,

ನಿಮ್ಮ ಕಾಗದವನ್ನು ಬಾಗಿಲಲ್ಲಿ ನಿಂತೇ ಒಂದು ಸಲ ಓದಿದೆ, ಆಮೇಲೆ ಕೂತು ಇನ್ನೊಂದು ಸಲ. ಶಾಲೆಗೆ ತಡವಾಗಿ ಹೋದೆ. ಡ್ರಾಯಿಂಗ್ ಟೀಚರ್ ತಡವಾಗಿ ಬಂದರೆ ಮಕ್ಕಳಿಗೆ ಖುಷಿಯೇ ಹೊರತು ಬೇಜಾರಿಲ್ಲ.

ನಾನು ಎಲ್ಲಿ ಕೂತಿದ್ದೆ ಎಂದು ಕೇಳಿದ್ದೀರಿ. ಕಚೇರಿಯ ಮೆಟ್ಟಿಲ ಮೇಲೆ. ಕೌಂಟರಿನ ಗುಮಾಸ್ತರು ಚಿತ್ರ ನೋಡಿ, ಚೆನ್ನಾಗಿದೆ, ಯಾರು ಬರೆದದ್ದು ಎಂದರು. ನಾನೇ ಎಂದೆ. ಅವರು ಅರ್ಜಿ ತಿರುವಿ ನೋಡಿ, "ಇದರಲ್ಲಿ ನಿಮ್ಮ ಹೆಸರೇ ಇಲ್ವಲ್ಲಮ್ಮಾ" ಎಂದರು. ಕೆಟ್ಟದಾಗಿ ಹೇಳಲಿಲ್ಲ, ಸುಮ್ಮನೆ ಹೇಳಿದರು. ಮತ್ತೆ ಬರುತ್ತೇನೆ ಎಂದು ಕಾಗದ ವಾಪಸು ತೆಗೆದುಕೊಂಡೆ. ಕೌಂಟರು ಮುಚ್ಚುವವರೆಗೆ ಅಲ್ಲೇ ಕೂತಿದ್ದೆ. ಮರುದಿನ ಹೋಗಿ ಕೊಡಬಹುದಿತ್ತು. ಕೊಡಲಿಲ್ಲ. ನಿಮಗೂ ಒಂದು ದಿನ ನೋಯಲಿ ಎಂದುಕೊಂಡೆ. ಬಾತುಕೋಳಿಯನ್ನೇ ಯಾರೋ ಎತ್ತಿಕೊಂಡು ಹೋಗುತ್ತಾರೆ ಎಂದು ಹೊಳೆದಿರಲಿಲ್ಲ. ಅದು ನನ್ನ ತಪ್ಪು, ನಿಮ್ಮ ತಪ್ಪಿನ ಪಕ್ಕದಲ್ಲಿ ಇದನ್ನೂ ಬರೆದುಕೊಳ್ಳಿ.

ಹಳೆಯ ಅರ್ಜಿ ಇದರ ಜೊತೆ ಇದೆ. ಮಡಚಿದ ಕಡೆ ಸ್ವಲ್ಪ ಸವೆದಿದೆ, ಮೊಹರು ಚೆನ್ನಾಗಿ ಕಾಣುತ್ತದೆ. ಹೊಸ ಅರ್ಜಿಗಳಿಗೆ ಸಹಿ ಹಾಕಿದ್ದೇನೆ. ಕೋಪ ಪೂರ್ತಿ ಹೋಗಿದೆ ಎಂದು ಬರೆದರೆ ನೀವು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ಆದರೆ ನೀವು ಮೊಳೆ ಕಿತ್ತಿಲ್ಲ ಎಂದು ಓದಿ ಅತ್ತುಬಿಟ್ಟೆ. ಅಣ್ಣನಿಗೆ ಪುಟ ಮಗುಚಲು ಹೇಳಿ. ಏಪ್ರಿಲ್‌ನಲ್ಲಿ ರಜೆ ಸಿಗುತ್ತದೆ, ನಾನೇ ಬಂದು ಲಾಯರಮ್ಮನ ಎದುರು ಹೇಳಬೇಕಾದದ್ದನ್ನು ಹೇಳುತ್ತೇನೆ.

ನಿಮ್ಮ,
ಗೀಚು

ನನ್ನದೂ ಒಂದು ಮರೆತ ಮಾತು: ಲಕೋಟೆಯನ್ನು ಹುಷಾರಾಗಿ ಜಾಡಿಸಿ, ತಳದಲ್ಲಿ ಹತ್ತಿ ಸುತ್ತಿದ ಚಿಕ್ಕದೊಂದು ಮರದ ಚೂರಿದೆ. ಅಚ್ಚು ಬಂದ ಮರುದಿನ ಬೆಳಿಗ್ಗೆ ಕಸ ಗುಡಿಸುವಾಗ ಒಣಗಿಸುವ ಹಲಗೆಯ ಕೆಳಗೆ ಸಿಕ್ಕಿತು. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದೆ. ನೀವು ಬಡಗಿಯನ್ನು ಬೈಯುವಾಗಲೆಲ್ಲ ಅದು ನನ್ನ ಜೇಬಿನಲ್ಲೇ ಇತ್ತು. ಅಚ್ಚಿಗೆ ಹೊಂದಿಸಿ ನೋಡಿ, ಸರಿಯಾಗಿ ಕೂರುತ್ತದೆ. ಅಂಟಿಸುವುದು ಮಾತ್ರ ನಾನು ಬರುವವರೆಗೆ ಬೇಡ.