ಬಲಗಡೆಯ ಎಸಳು

ಜೂನ್ ೩, ಸೋಮವಾರ

ಪೂಜೆ ಮುಗಿಸಿ ಇಂಗ್ಲಿಷ್ ಪಾಠಕ್ಕೆ ಕುಳಿತೆ. ಸೊಸೆ ರಂಜನಾ ಬೈಲಹೊಂಗಲದ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸುತ್ತಾಳೆ, ಮನೆಯಲ್ಲಿ ನನಗೆ. ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಎಪ್ಪತ್ತೆರಡು ತೆಗೆದವಳು ನಾನು, ಹಿಂದೆ ಬೀಳುವುದಿಲ್ಲ.

ಇಂದಿನದು 'ಸಿಟ್ ಆನ್ ದಿ ಫೆನ್ಸ್'. ಬೇಲಿಯ ಮೇಲೆ ಕೂರುವುದು. ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ನಮ್ಮ ಕಡೆ ಬೇಲಿ ಅಂದರೆ ಜಾಲಿಮುಳ್ಳು. ಯಾರು ಕೂರುತ್ತಾರೆ?

"ಅದಕ್ಕಽ ಭಾಳ ಹೊತ್ತು ಕೂಡಬಾರದ್ರಿ, ಅತ್ಯಾ."

ರಂಜನಾ ನನ್ನನ್ನೇ ನೋಡಿ ಅಂದಳು. ಯಾಕೋ...

ಜೂನ್ ೫

'ಲುಕ್ ಬಿಫೋರ್ ಯು ಲೀಪ್' — ಹಾರುವ ಮುಂಚೆ ನೋಡು. ಸರಿ. ಬೆನ್ನಿಗೇ 'ಟೇಕ್ ದಿ ಪ್ಲಂಜ್' — ಧುಮುಕಿಬಿಡು.

"ಒಂದಽ ಬಾಯಿಲೆ ಎರಡು ಹೇಳ್ತಾರಲ್ಲ, ಇವರ ಮನ್ಯಾಗ ಹಿರಿಯರು ಇದ್ದಿಲ್ಲೇನು?"

"ಸಮುದ್ರ ಹಾರೂ ಮುಂದ ಮಾರುತಿ ಯಾವುದು ಮಾಡಿದ್ದ, ಅಜ್ಜಿ?" ಮೊಮ್ಮಗಳು ಶರ್ವರಿ ನಕ್ಕಳು.

ರಂಜನಾ ನಗಲಿಲ್ಲ. ಪುಸ್ತಕ ಮುಚ್ಚಿದಳು. ಸವದತ್ತಿಯ ಮಾಸ್ತರ ಮಿಲಿಂದ ಮದುವೆಗೆ ಕೇಳಿದ್ದಾನಂತೆ. ಶರ್ವರಿಯನ್ನೂ ಕರೆದುಕೊಂಡು ಹೋಗುತ್ತಾಳಂತೆ.

"ಅಭಿಜಿತ ಹೋಗಿ ಆರು ವರ್ಷ ಆತ್ರಿ. ನೀವು ಹೂಂ ಅಂದ್ರಽ ಮುಂದಿಂದು. ದಿ ಬಾಲ್ ಈಸ್ ಇನ್ ಯುವರ್ ಕೋರ್ಟ್."

ನನ್ನ ಮಗನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಚೆಂಡು ನನ್ನ ಅಂಗಳದಲ್ಲಿ. ನಾನು ಆಡುತ್ತೇನೆಂದು ಯಾರು ಹೇಳಿದರು?

ಜೂನ್ ೧೪

ಒಂಬತ್ತು ದಿನದಿಂದ ಪಾಠವಿಲ್ಲ. ಕೊನೆಗೆ ನಾನೇ ಅಂದೆ — "ಮಾರುತಿ ಹೇಳಿದ್ಹಂಗ ಆಗ್ಲಿ. ನಾಳೆ ಪ್ರಸಾದ ಕೇಳೋಣು."

ಈ ಮನೆಯಲ್ಲಿ ಎಲ್ಲ ಹಾಗೆಯೇ ತೀರ್ಮಾನವಾದದ್ದು. ಮೂರ್ತಿಯ ಎಡಕ್ಕೊಂದು, ಬಲಕ್ಕೊಂದು ಒದ್ದೆ ಎಸಳು ಅಂಟಿಸುತ್ತಾರೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು. ಬಲದ್ದು ಮೊದಲು ಬಿದ್ದರೆ ದೇವರು ಹೌದೆಂದ ಹಾಗೆ.

ಜೂನ್ ೧೫, ಶನಿವಾರ, ಮಧ್ಯಾಹ್ನ ೧೨

ಬಲದ್ದು ಬಿತ್ತು.

"ಬಲಾ ಕೊಟ್ಟಾನ್ರೀ ಗಂಗೂಬಾಯಿ! ಇನ್ನ ವಿಚಾರ ಮಾಡಬ್ಯಾಡ್ರಿ," ಎಂದರು ಪೂಜಾರಿ ತ್ರ್ಯಂಬಕ ಭಟ್ಟರು. ರಂಜನಾ ಗುಡಿಯಲ್ಲೇ ನನ್ನ ಕಾಲು ಹಿಡಿದು ಅತ್ತಳು. ಮಿಲಿಂದನಿಗೆ ಫೋನೂ ಮಾಡಿಬಿಟ್ಟಳು.

ಆದರೆ ನಾನು ಕೇಳಿದ್ದು ಮದುವೆಯನ್ನಲ್ಲ. 'ತಾಯಿ ಮಗಳು ಇಬ್ಬರೂ ನನ್ನ ಹತ್ತಿರವೇ ಉಳಿಯಬೇಕು. ಹೌದಾದರೆ ಬಲ ಕೊಡು' ಎಂದು ಕೇಳಿದ್ದೆ.

ಬಾಯಿ ತೆರೆದೆ. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಮುಳ್ಳು ಚುಚ್ಚುತ್ತಿದೆ...

ಜೂನ್ ೧೬, ಸಂಜೆ ೪

ಮಿಲಿಂದನ ಮನೆಯವರು ಬರುವ ಹೊತ್ತು. ರಂಜನಾ ಹೂರಣ ಅರೆಯುತ್ತ ಹಾಡುತ್ತಿದ್ದಾಳೆ. ಆರು ವರ್ಷದಲ್ಲಿ ಕೇಳಿರಲಿಲ್ಲ ಆ ದನಿ. ದೇವರ ಮಾತು ಮೀರಿದರೆ ಪಾಪ. ಮೀರದಿದ್ದರೆ ಈ ಹಾಡು ನಿಲ್ಲುತ್ತದೆ. ಇಂಥದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಮಾತಿರಬೇಕು. ಯಾರನ್ನು ಕೇಳಲಿ? ಕಲಿಸುವವಳು ಅವಳೇ.

ಗಾಡಿಯ ಸಪ್ಪಳ.

"ಅತ್ಯಾ, ಬಂದ್ರು! ಹೊರಗ ಬರ್ರಿ!"

ಬಂದವರ ಕಾಲಿಗೆ ನೀರು ಕೊಡುವುದು ಮನೆಯ ಹಿರಿಯಳ ಕೆಲಸ. ಕೊಟ್ಟರೆ ಒಪ್ಪಿದ ಹಾಗೆ. ತಂಬಿಗೆ ತುಂಬಿ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಹಾರುವ ಮುಂಚೆ ನೋಡಿದ್ದಂತೂ ಆಯಿತು, ಮಾರುತಿ. ಇನ್ನು—